ಮದುಮಗಳ ಮೊಳೆಯಲ್ಲಿ ಸರಾಸರಿ ವೆಚ್ಚ

ನನ್ನ ಚೀಲದಲ್ಲಿ ಲ್ಯಾಪ್‌ಟಾಪಿನ ಬೆನ್ನಿಗೆ ಒರಗಿಕೊಂಡು ಒಂದು ಮರದ ಪಟ್ಟಿ ಇರುತ್ತದೆ. ಒಂದು ತುದಿ ನೆಟ್ಟಗೆ, ಇನ್ನೊಂದು ತುದಿ ಕತ್ತಿಯ ಹಾಗೆ ಬಾಗಿದೆ. ರವಿಕೆಯ ಕಂಕುಳು, ಕುತ್ತಿಗೆ ಮುಂತಾದ ದುಂಡನೆಯ ಜಾಗಗಳಿಗೆ ಗೀಟು ಹಾಕಲು ಟೈಲರುಗಳು ಇಟ್ಟುಕೊಳ್ಳುವ ವಸ್ತು ಅದು. ಕಾಲೇಜಿನ ಗೇಟಿನಲ್ಲಿ ಕೂರುವ ಕಾವಲಿನವರು ಮೊದಲ ದಿನವೇ ಅದನ್ನು ನೋಡಿ ಕೇಳಿದ್ದರು: "ಎಂತ ಸರ್, ಇಲ್ಲಿ ಟೈಲರಿಂಗ್ ಕ್ಲಾಸ್ ಕೂಡ ಸುರು ಆಯ್ತಾ?"

"ಅಲ್ಲ, ಎಂಬಿಎ ಮಕ್ಕಳಿಗೆ ಇಕನಾಮಿಕ್ಸ್" ಎಂದೆ. ಅವರು ನನ್ನನ್ನೂ ಪಟ್ಟಿಯನ್ನೂ ಒಮ್ಮೆ ನೋಡಿ ಒಳಗೆ ಬಿಟ್ಟರು. ನಂಬಿದ ಹಾಗೆ ಕಾಣಲಿಲ್ಲ.

ನಂಬದೇ ಇದ್ದದ್ದರಲ್ಲಿ ಅವರ ತಪ್ಪೇನೂ ಇಲ್ಲ. ಮ್ಯಾನೇಜೀರಿಯಲ್ ಇಕನಾಮಿಕ್ಸ್ ಎಂಬ ಪೇಪರನ್ನು ನಾನು ಕಲಿಸುತ್ತೇನೆ ಎಂಬುದನ್ನು ನಾನೇ ಇನ್ನೂ ಪೂರ್ತಿ ನಂಬಿಲ್ಲ. ಪ್ರತಿ ವರ್ಷ ವೆಚ್ಚದ ಪಾಠ ಬಂದಾಗ, ಬೋರ್ಡಿನ ಮುಂದೆ ನಿಂತು ಆ ಎರಡು ಗೆರೆಗಳನ್ನು ಎಳೆಯುವ ಮೊದಲು ನನ್ನ ಅಂಗೈ ಬೆವರುತ್ತದೆ. ಮಕ್ಕಳು ಎಸಿ ಸರಿ ಇಲ್ಲ ಎಂದುಕೊಂಡು ರಿಮೋಟ್ ಹುಡುಕುತ್ತಾರೆ. ಬೆವರಿನ ಕಾರಣ ಮಾತ್ರ ಹತ್ತು ವರ್ಷಕ್ಕಿಂತ ಹಿಂದಿನದು. ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳದೆ ಬಿಟ್ಟರೆ ನಿಮಗೆ ಸಮಾಧಾನ ಇರಲಿಕ್ಕಿಲ್ಲ.

ಮೊದಲೇ ಒಂದು ಮಾತು. ನಾನು ಹುಟ್ಟಾ ಪುಕ್ಕಲ. ಬಸ್ಸು ಹತ್ತಿದ ಮೇಲೆ ಬಸ್ಸು ಸರಿಯಾದದ್ದೇ ಎಂದು ಕಂಡಕ್ಟರನ್ನು ಕೇಳುತ್ತೇನೆ, ಅವರು ಹೌದೆಂದ ಮೇಲೆ ಪಕ್ಕದವರನ್ನು ಕೇಳುತ್ತೇನೆ. ಚಿಕ್ಕವನಿದ್ದಾಗ ಉಪ್ಪಳದಲ್ಲಿ ಅಮ್ಮನ ಹೊಲಿಗೆ ಅಂಗಡಿಯ ಕಟ್ಟಿಂಗ್ ಮೇಜಿನ ಕೆಳಗೆ ಮಲಗುತ್ತಿದ್ದೆ. ಮೇಲೆ ಕತ್ತರಿ ಕರ್ರ್ ಕರ್ರ್ ಎಂದು ಹೋಗುತ್ತಿತ್ತು. ಪ್ರತಿ ಸಲ ಆ ಸದ್ದು ನಿಂತಾಗ, ಅಯ್ಯೋ ಅಮ್ಮ ಯಾರದೋ ಬಟ್ಟೆಯನ್ನು ತಪ್ಪು ಕತ್ತರಿಸಿಬಿಟ್ಟಳೇನೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ತಿರುಗಿ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕುತ್ತಿದ್ದಳು, ಅಷ್ಟೆ. ಅವಳು ತಪ್ಪಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೆದರುವ ಕೆಲಸವನ್ನೆಲ್ಲ ಮನೆಯಲ್ಲಿ ನಾನೊಬ್ಬನೇ ಮಾಡಿ ಮುಗಿಸುತ್ತಿದ್ದುದರಿಂದ ಅವಳಿಗೆ ಆ ಅಭ್ಯಾಸವೇ ಆಗಲಿಲ್ಲ ಎಂದು ಕಾಣುತ್ತದೆ.

ಅಂಗಡಿ ಎಂದರೆ ಹಳೆಯ ಕಟ್ಟಡದ ಮಹಡಿಯಲ್ಲಿ ಒಂದು ಕೋಣೆ. ಅದರ ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಒಂದರಲ್ಲಿ ಮಾಮೂಲಿ ಅಳತೆಯ ಖಾಕಿ ಕಾಗದಗಳು ನೇತಾಡುತ್ತಿದ್ದವು. ಇನ್ನೊಂದು ಮದುಮಗಳ ಮೊಳೆ. ಮದುವೆಯ ರವಿಕೆಗೆ ಬಂದ ಹುಡುಗಿಯ ಅಳತೆ ತೆಗೆದು ಅಮ್ಮ ಅವಳಿಗೆಂದೇ ಹೊಸ ಕಾಗದ ಕತ್ತರಿಸುತ್ತಿದ್ದಳು. ಮೈ, ತೋಳುಗಳ ಕಾಗದಕ್ಕೆ ಪಿನ್ನು ಚುಚ್ಚಿ ಒಟ್ಟಿಗೆ, ನೆಕ್ಕಿನ ಕಾಗದ ಮಾತ್ರ ಬಿಡಿಯಾಗಿ. ಏಕೆಂದರೆ ನೆಕ್ಕಿನ ವಿಷಯದಲ್ಲಿ ಮದುವೆಯ ಹುಡುಗಿಯರು ಕೊನೆಯ ದಿನದವರೆಗೂ ಮನಸ್ಸು ಬದಲಿಸುತ್ತಾರೆ. ಒಮ್ಮೆ ಆ ಮೊಳೆಗೆ ಏರಿದ ಕಾಗದವನ್ನು ಅಮ್ಮ ತಿರುಗಿ ಅಳೆಯುತ್ತಿರಲಿಲ್ಲ. ರೇಷ್ಮೆಯ ಮೇಲೆ ಇಟ್ಟು ನೇರ ಕತ್ತರಿ ಹಾಕುತ್ತಿದ್ದಳು. ಮದುವೆ ಮುಗಿದ ಮರುದಿನ ಕಾಗದ ಬಚ್ಚಲ ಒಲೆಗೆ ಹೋಗುತ್ತಿತ್ತು. "ಒಬ್ಬಳ ಕಾಗದ ಇನ್ನೊಬ್ಬಳಿಗೆ ಆಗುದಿಲ್ಲ" ಎನ್ನುತ್ತಿದ್ದಳು. ಇದು ಶಾಸ್ತ್ರವೇ ಜಾಗ್ರತೆಯೇ ಎಂದು ನಾನು ಕೇಳಲಿಲ್ಲ.

ಅಂದ ಹಾಗೆ, ನಾವು ಮನೆಯಲ್ಲಿ ಆಡುವುದು ತುಳು. ಅಮ್ಮನ ಮಾತನ್ನು ಕನ್ನಡದಲ್ಲಿ ಬರೆಯುವಾಗ ಖಾರ ಸ್ವಲ್ಪ ಕಡಿಮೆಯಾಗಿರುತ್ತದೆ. ನೀವೇ ಬೇಕಾದಷ್ಟು ಸೇರಿಸಿಕೊಳ್ಳಿ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಕಾಂ ಮುಗಿಸಿ, ಯಾರೋ ಹೇಳಿದರೆಂದು ನಾನು ಎಂಬಿಎ ಸೇರಿದೆ. ವಿದ್ಯಾನಗರ ದಾಟಿ ಇನ್ನೂ ಸ್ವಲ್ಪ ದೂರದಲ್ಲಿ ಕಾಲೇಜು. ವ್ಯಾಪಾರ ಮಾಡಲು ಕಲಿಯುವವರಿಗೆ ಅರ್ಥಶಾಸ್ತ್ರ ಯಾಕೆ ಎಂದು ನನ್ನ ಪಕ್ಕ ಕೂರುತ್ತಿದ್ದ ಹಮೀದ್ ಮೊದಲ ವಾರದಲ್ಲೇ ಕೇಳಿದ್ದ. ಅವನ ತಂದೆಗೆ ಕುಂಬಳೆಯಲ್ಲಿ ಚಪ್ಪಲಿ ಅಂಗಡಿ. "ನಮ್ಮ ಬಾಪ ಗ್ರಾಹಕರ ಕಾಲು ನೋಡಿಯೇ ರೇಟ್ ಹೇಳ್ತಾರೆ ಮಾರಾಯ, ಈ ಗೆರೆ ಎಲ್ಲ ಹಾಕ್ಲಿಕ್ಕೆ ಹೋದ್ರೆ ಅಂಗಡಿ ಮುಚ್ಚಬೇಕಾದೀತು" ಎಂದ. ಆದರೆ ಹಮೀದ್ ಗೆರೆಗಳನ್ನು ಸಲೀಸಾಗಿ ಹಾಕುತ್ತಿದ್ದ. ನನಗೆ ಮಾತು ಅರ್ಥವಾಗುತ್ತಿತ್ತು, ಗೆರೆ ಬರುತ್ತಿರಲಿಲ್ಲ. ಆ ಶಾಸ್ತ್ರದಲ್ಲಿ ಪ್ರತಿ ಮಾತಿಗೂ 'ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ' ಎಂದು ಒಂದು ಷರತ್ತು ಸೇರಿಸುತ್ತಾರೆ. ನನ್ನಂಥ ಹೆದರುವವನಿಗೆ ಅದಕ್ಕಿಂತ ಹೆದರಿಕೆಯ ಮಾತು ಬೇರೆ ಇಲ್ಲ. ಉಳಿದದ್ದು ಯಾವತ್ತು ಇದ್ದ ಹಾಗೆ ಇರುತ್ತದೆ?

ನನ್ನನ್ನು ಕೆಡವಿದ್ದು ಎರಡು ಗೆರೆಗಳು. ಒಂದು ಸರಾಸರಿ ವೆಚ್ಚದ್ದು, ಇಂಗ್ಲಿಷಿನ ಯು ಅಕ್ಷರದ ಹಾಗೆ ಇಳಿದು ಏರುತ್ತದೆ. ಇನ್ನೊಂದು ಸೀಮಾಂತ ವೆಚ್ಚದ್ದು, ಎಂದರೆ ಇನ್ನೊಂದೇ ಒಂದು ವಸ್ತುವನ್ನು ಹೆಚ್ಚಿಗೆ ಮಾಡಲು ತಗಲುವ ಖರ್ಚಿನದ್ದು. ಈ ಎರಡನೆಯ ಗೆರೆ ಮೊದಲನೆಯದನ್ನು ಅದರ ಅತ್ಯಂತ ತಗ್ಗಿನ ಬಿಂದುವಿನಲ್ಲೇ ದಾಟಬೇಕು. ಕಾರಣ ಸರಳ. ಹೊಸ ಪರೀಕ್ಷೆಯಲ್ಲಿ ನನ್ನ ಸರಾಸರಿಗಿಂತ ಕಡಿಮೆ ಬಂದರೆ ಸರಾಸರಿ ಇಳಿಯುತ್ತದೆ, ಹೆಚ್ಚು ಬಂದರೆ ಏರುತ್ತದೆ. ಇಳಿಯುವುದು ನಿಂತು ಏರುವುದು ಶುರುವಾಗುವ ಜಾಗದಲ್ಲಿ ಎರಡೂ ಒಂದೇ. ನನ್ನ ವಿಷಯದಲ್ಲಿ ಇಳಿಯುವುದು ನಿಂತೇ ಇರಲಿಲ್ಲ, ಅದು ಬೇರೆ. ನಾನು ಎಳೆದಾಗ ಯು ಎಂಬುದು ಒಡೆದ ಮಡಕೆಯ ಹಾಗೆ ಕಾಣುತ್ತಿತ್ತು, ಇನ್ನೊಂದು ಗೆರೆ ಅದನ್ನು ಬೇಕಾದಲ್ಲೆಲ್ಲ ದಾಟುತ್ತಿತ್ತು.

ಮೇಡಂ ಕಾಞಂಗಾಡ್ ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ಕೋಪ ಮಲಯಾಳದಲ್ಲಿ. ನನ್ನ ಚಿತ್ರದ ಮೇಲೆ ಕೆಂಪು ಪೆನ್ನು ಇಟ್ಟು, ತಗ್ಗಿನ ಬಿಂದು ತಪ್ಪಿದರೆ ಚಿತ್ರಕ್ಕೆ ಒಂದು ಮಾರ್ಕೂ ಇಲ್ಲ, ಚಿತ್ರವಿಲ್ಲದಿದ್ದರೆ ಉತ್ತರವೇ ಇಲ್ಲ ಎಂದರು. ಹಾಗೆಯೇ ಆಯಿತು. ಮೊದಲ ಸೆಮಿಸ್ಟರಿನಲ್ಲಿ ಉಳಿದ ಎಲ್ಲ ಪೇಪರು ಪಾಸು, ಅದೊಂದರಲ್ಲಿ ಡುಮ್ಕಿ.

ರಿಸಲ್ಟ್ ಬಂದ ಸಂಜೆ ನಾನು ಮನೆಗೆ ಬಂದಾಗ ಅಮ್ಮ ಫೋನಿನಲ್ಲಿದ್ದಳು. ಅಪ್ಪ ಗಲ್ಫಿನಿಂದ ಶುಕ್ರವಾರ ಸಂಜೆ ಫೋನು ಮಾಡುತ್ತಿದ್ದರು. ರಿಸಿವರನ್ನು ಕಿವಿಗೆ ಒತ್ತಿಕೊಂಡೇ ಅವಳು ನನ್ನ ಕಡೆ ಹುಬ್ಬು ಎತ್ತಿದಳು. ನನಗೆ ಏನಾಯಿತೋ, ತಲೆಯಾಡಿಸಿಬಿಟ್ಟೆ.

"ಎಲ್ಲದರಲ್ಲಿ ಪಾಸಂತೆ!" ಎಂದಳು ಅಮ್ಮ, ಸಮುದ್ರದಾಚೆಗೆ ಕೇಳುವಷ್ಟು ಜೋರಾಗಿ.

ಸುಳ್ಳನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಬರೀ ತಲೆಯಾಡಿಸಿದ್ದು ಎಂದು ಆಮೇಲೆ ಎಷ್ಟೋ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಅಮ್ಮ ರವಿಕೆ ಒಯ್ಯಲು ಬಂದ ಪ್ರತಿ ಹೆಂಗಸಿನ ಕೈಗೂ ಒಂದೊಂದು ಲಾಡು ಕೊಟ್ಟಾಗಿತ್ತು. ನಮ್ಮ ಮಂಗಲ್ಪಾಡಿ ಪಂಚಾಯತಿನಲ್ಲಿ ನನ್ನ ಪಾಸಿನ ಸುದ್ದಿ ತಿನ್ನದವರು ಕಡಿಮೆ. ಇನ್ನು ಉಳಿದ ದಾರಿ ಒಂದೇ: ಸಪ್ಲಿ, ಎಂದರೆ ಮರುಪರೀಕ್ಷೆ, ಯಾರಿಗೂ ತಿಳಿಯದ ಹಾಗೆ ಬರೆದು ಪಾಸಾಗುವುದು. ಗೊತ್ತಿದ್ದವನು ಹಮೀದ್ ಒಬ್ಬನೇ. "ಹೇಳಿಬಿಡು ಮಾರಾಯ, ಕೊಲ್ತಾರಾ?" ಎಂದ. ಕೊಲ್ಲುವುದಿಲ್ಲ ಎಂಬುದೇ ನನ್ನ ಕಷ್ಟವಾಗಿತ್ತು. ತಾನು ಲಾಡು ಕೊಟ್ಟ ಹೆಂಗಸರ ಮುಖವನ್ನು ಅಮ್ಮ ಹೇಗೆ ನೋಡುತ್ತಾಳೆ ಎಂದು ನಾನು ನೋಡಬೇಕಾಗುತ್ತಿತ್ತು.

ಕೈಗೆ ಅಭ್ಯಾಸ ಮಾಡಿಸಲು ಹೊರಟೆ. ಸಣ್ಣದಿರುವಾಗ ಅಕ್ಕಿಯಲ್ಲಿ ಅಕ್ಷರ ತಿದ್ದಿಸಿದ್ದು ನೆನಪಾಯಿತು. ಹಾಗೆ ತಿದ್ದಲು ಒಂದು ಸರಿಯಾದ ಯು ಬೇಕು. ಒಂದು ಮಧ್ಯಾಹ್ನ ಅಮ್ಮ ಊಟಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುತ್ತ ಕೂತಿದ್ದವನ ಕಣ್ಣಿಗೆ ಈ ಮರದ ಪಟ್ಟಿ ಬಿತ್ತು. ಖಾಕಿ ಕಾಗದವನ್ನು ಎರಡಾಗಿ ಮಡಚಿದೆ, ಮಡಿಕೆಯ ಕಡೆಯಿಂದ ಪಟ್ಟಿ ಇಟ್ಟು ಅರ್ಧ ಬಾಗು ಎಳೆದೆ, ಕತ್ತರಿಸಿ ಬಿಡಿಸಿದೆ. ಎಂಥ ಯು ಅದು! ನಮ್ಮ ಪಠ್ಯಪುಸ್ತಕದಲ್ಲೂ ಅಷ್ಟು ಚಂದದ್ದು ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಡಿಕೆಯ ಗೆರೆ ಕಾಗದದ ಮಧ್ಯೆ ನಿಂತು ತಗ್ಗಿನ ಬಿಂದು ಇಲ್ಲೇ ಎಂದು ತೋರಿಸುತ್ತಿತ್ತು. ಇಡೀ ಸೆಮಿಸ್ಟರ್ ಹುಡುಕಿದ ಬಿಂದು ಅಮ್ಮನ ಮೇಜಿನ ಮೇಲೆ ಬಿದ್ದಿತ್ತು. ದಿನಾ ಮಧ್ಯಾಹ್ನ ಆ ಅಂಚಿನ ಮೇಲೆ ಪೆನ್ಸಿಲು ಓಡಿಸಿ, ಮಡಿಕೆಯ ಬಳಿಗೆ ಬಂದಾಗ ಇನ್ನೊಂದು ಗೆರೆಯನ್ನು ದಾಟಿಸಿ, ಕೈ ಪಳಗಿಸಿದೆ.

ಅಮ್ಮ ಬರುವ ಸದ್ದು ಮೆಟ್ಟಿಲಿನಲ್ಲಿ ಕೇಳಿದರೆ ಕಾಗದವನ್ನು ಅಡಗಿಸಬೇಕಲ್ಲ. ಯಾಕೆ ಕತ್ತರಿಸಿದೆ ಎಂದು ಕೇಳಿದರೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ. ಕಾಗದವನ್ನು ಅಡಗಿಸಲು ಕಾಗದಗಳ ನಡುವೆಯೇ ಜಾಗ ಎಂದು ನನ್ನ ಬುದ್ಧಿಗೆ ತೋಚಿತು. ಮಾಮೂಲಿ ಮೊಳೆಗೆ ಅವಳು ದಿನಕ್ಕೆ ಹತ್ತು ಸಲ ಕೈ ಹಾಕುತ್ತಾಳೆ. ಮದುಮಗಳ ಮೊಳೆ ಅಪರೂಪ. ಆದ್ದರಿಂದ ಅಲ್ಲಿಗೇ ಮಡಚಿ ಸಿಕ್ಕಿಸಿ, ಅವಳು ಹೊರಗೆ ಹೋದಾಗ ತೆಗೆದುಕೊಳ್ಳುತ್ತಿದ್ದೆ. ಇಷ್ಟು ಲೆಕ್ಕಾಚಾರದ ಬುದ್ಧಿಗೆ ಯಾವ ಮ್ಯಾನೇಜ್‌ಮೆಂಟ್ ಡಿಗ್ರಿ ಕೊಟ್ಟರೂ ಕಡಿಮೆ ಎಂದು ಆಗ ಅನಿಸಿತ್ತು.

ಪರೀಕ್ಷೆ ಶುಕ್ರವಾರ. ಬುಧವಾರ ಮಧ್ಯಾಹ್ನದ ನಂತರ ಶಿರಿಯದ ವನಿತಾ ತನ್ನ ಚಿಕ್ಕಮ್ಮನ ಜೊತೆ ರವಿಕೆ ಹಾಕಿ ನೋಡಲು ಬಂದಳು. ಭಾನುವಾರ ಅವಳ ಮದುವೆ. ನಾನು ಹೊರಗೆ ಮೆಟ್ಟಿಲಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಒಳಗೆ ಪರದೆ ಎಳೆದ ಸದ್ದು, ಬಳೆಯ ಸದ್ದು ಕೇಳಿತು.

"ಸುಮತಿಯಕ್ಕ, ಇದು ಭುಜದಲ್ಲಿ ನಿಲ್ಲುದಿಲ್ಲ ಅಲ್ವಾ?" ಎಂದು ವನಿತಾ ಅಮ್ಮನನ್ನು ಕೇಳಿದಳು.

"ಜಾರ್ತದೆ" ಎಂದರು ಚಿಕ್ಕಮ್ಮ. "ನೆಕ್ ಎರಡೂ ಕಡೆ ಎರಡೆರಡು ಬೆರಳು ಜಾಸ್ತಿ ಹೋಗಿದೆ. ಸೀರೆಯಲ್ಲೇ ಬಂದ ರವಿಕೆ ತುಂಡು, ಬೇರೆ ಬಟ್ಟೆ ಎಲ್ಲಿಂದ ತರುದು ಈಗ?"

ನೆಕ್ ಎಂಬ ಮಾತು ಕಿವಿಗೆ ಬಿದ್ದದ್ದೇ ಪುಸ್ತಕವನ್ನು ಮೆಟ್ಟಿಲಲ್ಲೇ ಬಿಟ್ಟು ಎದ್ದೆ. ಬಾಗಿಲಿನಿಂದ ಇಣುಕಿದೆ. ಮೇಜಿನ ಮೇಲೆ ನನ್ನ ಸರಾಸರಿ ವೆಚ್ಚ ಮಡಚಿಕೊಂಡು ಬಿದ್ದಿತ್ತು. ವನಿತಾಳ ರವಿಕೆ ಕತ್ತರಿಸುವಾಗ ಅಮ್ಮನಿಗೆ ಮೊಳೆಯಲ್ಲಿ ಎದುರಿಗೆ ಸಿಕ್ಕಿದ ನೆಕ್ಕಿನ ಕಾಗದ ಅದೇ. ಅಗಲ ನೆಕ್ಕಿನ ಫ್ಯಾಷನ್ ಇದ್ದ ಕಾಲ. ಅಮ್ಮನಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ವನಿತಾಳ ನಿಜವಾದ ಕಾಗದ ಎಲ್ಲಿ ಎಂದು ನೋಡಿದರೆ ಅದು ಜಾರಿ ಮಷಿನಿನ ಹಿಂದೆ ಬಿದ್ದಿತ್ತು. ನಾನು ಅವಸರದಲ್ಲಿ ನನ್ನದನ್ನು ಸಿಕ್ಕಿಸುವಾಗ ಬಿದ್ದದ್ದೇ ಇರಬೇಕು.

ಅಮ್ಮ ಜಗಳ ಮಾಡಲಿಲ್ಲ, ನೆಪ ಹೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ತಿರುಗಿ ಹಾಕಿಕೊಂಡಳು. "ತಪ್ಪು ನನ್ನದು. ಶನಿವಾರ ಬಾ ಮಗಳೇ, ಸರಿ ಮಾಡಿ ಕೊಡ್ತೇನೆ" ಎಂದಳು. ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕೂತು ತನ್ನ ಎರಡು ಕೈಗಳನ್ನು ನೋಡುತ್ತ ಇದ್ದಳು.

ಹೇಳಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು. ಆದರೆ ಕಾಗದ ನನ್ನದು ಎಂದರೆ ಯಾತಕ್ಕೆ ಎಂಬ ಪ್ರಶ್ನೆ ಬರುತ್ತದೆ, ಯಾತಕ್ಕೆ ಎಂದರೆ ಸಪ್ಲಿ, ಸಪ್ಲಿ ಎಂದರೆ ಲಾಡು. ಎರಡು ದಿನ, ಪರೀಕ್ಷೆ ಒಂದು ಮುಗಿಯಲಿ ಎಂದುಕೊಂಡೆ. ಪುಕ್ಕಲರ ಯೋಚನೆ ಯಾವಾಗಲೂ ಬಹಳ ಕ್ರಮಬದ್ಧವಾಗಿರುತ್ತದೆ.

ಗುರುವಾರ ಅಮ್ಮ ಸೀರೆಯ ಒಳತುದಿಯಿಂದ, ಸೊಂಟಕ್ಕೆ ಸಿಕ್ಕಿಸುವ ಕಡೆಯಿಂದ, ಒಂದು ಗೇಣು ಪಟ್ಟಿ ತೆಗೆದು ನೆಕ್ಕಿಗೆ ಸೇರಿಸಲು ಹೊರಟಳು. ಹಿಂದೆ ಎರಡು ದಾರ, ಕುಚ್ಚು ಇಟ್ಟು ಬಿಗಿದರೆ ಭುಜ ನಿಲ್ಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಚಾಕಿನಲ್ಲಿ ಗೀಟು ಹಾಕಿ ಕತ್ತರಿ ಎತ್ತಿದವಳು ಹಾಗೇ ನಿಂತಳು.

"ಮಗಾ, ಇಲ್ಲಿ ಬಾ. ಈ ಗೀಟು ನೆಟ್ಟಗೆ ಉಂಟಾ ನೋಡು."

ನನ್ನ ಜನ್ಮದಲ್ಲಿ ಅಮ್ಮ ಹಾಗೆ ಯಾರನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಗೀಟು ದಾರ ಹಿಡಿದು ಎಳೆದಷ್ಟು ನೆಟ್ಟಗಿತ್ತು. ನನ್ನ ಕಣ್ಣಿಗೆ ಅದು ಮಂಜಾಗಿ ಕಂಡಿತು.

"ಸರಿ ಉಂಟಮ್ಮ" ಎಂದೆ.

"ಸರಿ ನೋಡಿ ಹೇಳು. ನನ್ನ ಕಣ್ಣನ್ನು ಇನ್ನು ನಂಬ್ಲಿಕ್ಕೆ ಆಗುದಿಲ್ಲ."

"ಸರಿಯೇ ಉಂಟು" ಎಂದು ಪುನಃ ಹೇಳಿ ಹೊರಗೆ ಬಂದೆ.

ಶುಕ್ರವಾರದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ಸರಾಸರಿ ಮತ್ತು ಸೀಮಾಂತ ವೆಚ್ಚಗಳ ಸಂಬಂಧವನ್ನು ಚಿತ್ರ ಸಹಿತ ವಿವರಿಸಿ. ಉತ್ತರ ಪತ್ರಿಕೆಯನ್ನು ಸ್ವಲ್ಪ ಮಡಚಿ ಮಧ್ಯದ ಗೆರೆ ಮಾಡಿಕೊಳ್ಳೋಣ ಎಂದು ಕೈ ಹೋಯಿತು. ಮಡಚಿದ ಹಾಳೆಯನ್ನು ಗುರುತು ಮಾಡಿದ್ದು ಎಂದು ಹಿಡಿದು ಡಿಬಾರ್ ಮಾಡಿದರೆ? ಕೈ ಹಿಂದೆ ಬಂತು. ಮಡಿಕೆ ಇದೆ ಎಂದೇ ಭಾವಿಸಿ ಪೆನ್ಸಿಲು ಇಟ್ಟೆ. ಯು ಒಂದೇ ಏಟಿಗೆ ಇಳಿದು ಏರಿತು. ಇನ್ನೊಂದು ಗೆರೆ ಎಲ್ಲಿ ದಾಟಬೇಕೋ ಅಲ್ಲೇ ದಾಟಿತು. ಅಷ್ಟು ಒಳ್ಳೆಯ ಚಿತ್ರವನ್ನು ನಾನು ಮುಂಚೆ ಬರೆದಿರಲಿಲ್ಲ, ಅಷ್ಟು ಕೆಟ್ಟ ಮನಸ್ಸಿನಿಂದಲೂ ಬರೆದಿರಲಿಲ್ಲ. ಕಾಗದದ ಮೇಲೆ ಆ ಬಾಗು ನೋಡಿದಷ್ಟು ಸಲ, ಸ್ಟೂಲಿನ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದ ಅಮ್ಮ ಕಾಣುತ್ತಿದ್ದಳು. ಪಾಸಾಗುತ್ತೇನೆ ಎಂದು ಗೊತ್ತಾಗಿ ನನಗೆ ನಾಚಿಕೆಯಾಯಿತು.

ಮನೆಗೆ ಬಂದಾಗ ಶುಕ್ರವಾರದ ಫೋನು ನಡೆದಿತ್ತು. ಅಮ್ಮ ನನಗೆ ಬೆನ್ನು ಹಾಕಿ ನಿಂತಿದ್ದಳು.

"ಇಲ್ಲ, ಇನ್ನು ಕಟ್ಟಿಂಗ್ ಮಾಡುದಿಲ್ಲ ನಾನು. ಹುಕ್ಕು, ಹೆಮ್ಮಿಂಗ್ ಅಂತ ಸಣ್ಣ ಕೆಲಸ ಮಾಡ್ತೇನೆ, ಸಾಕು. ಕೈ ತಪ್ಪಿದ ಮೇಲೆ ಮದುಮಗಳ ಬಟ್ಟೆ ಮುಟ್ಟುದು ಪಾಪ. ಕಣ್ಣು ಹೋಯ್ತು ಅಂತ ಕಾಣ್ತದೆ ನನ್ನದು."

ಅವಳ ದನಿ ಅತ್ತ ಹಾಗಿರಲಿಲ್ಲ. ಅಂಗಡಿ ಬಾಗಿಲು ಹಾಕುವವರ ಹಾಗೆ ನಿಧಾನವಾಗಿತ್ತು. ನನ್ನ ಕ್ರಮಬದ್ಧವಾದ ಯೋಚನೆಗಳೆಲ್ಲ ಅಲ್ಲಿಗೆ ಮುಗಿದವು.

"ಅಮ್ಮ, ಆ ಕಾಗದ ನನ್ನದು" ಎಂದೆ.

ಅವಳು ತಿರುಗಿದಳು. ನಾನು ಎಲ್ಲವನ್ನೂ ಹೇಳಿದೆ. ತಲೆಯಾಡಿಸಿದ್ದು, ಡುಮ್ಕಿ, ಯು, ಮಡಿಕೆ, ಮೊಳೆ, ಮಷಿನಿನ ಹಿಂದೆ ಬಿದ್ದ ಕಾಗದ. ಹೇಳುವ ಕ್ರಮವೂ ತಪ್ಪಿತ್ತು. ಅಮ್ಮ ರಿಸಿವರನ್ನು ಎದೆಗೆ ಒತ್ತಿಕೊಂಡು ಕೇಳಿದಳು. ಅದರೊಳಗಿಂದ ಅಪ್ಪ ಹಲೋ, ಹಲೋ ಎನ್ನುತ್ತಿದ್ದರು.

"ಹಾಗಾದ್ರೆ ನನ್ನ ಕೈ ತಪ್ಪಲಿಲ್ವಾ?" ಎಂದಳು.

"ಇಲ್ಲಮ್ಮ."

"ಕಣ್ಣು?"

"ಕಣ್ಣೂ ಸರಿ ಉಂಟು."

ಅವಳ ಮುಖ ಒಂದು ಗಳಿಗೆ ಅರಳಿತು. ನಿಜವಾಗಿ ಅರಳಿತು, ನಾನು ನೋಡಿದ್ದೇನೆ. ಆಮೇಲೆ ಅದೇ ಮುಖ ಬಿಗಿಯಾಯಿತು.

"ಫೇಲಾದದ್ದು ಆಯ್ತು, ಅದಕ್ಕೆ ಎಂತ ಮಾಡ್ಲಿಕ್ಕೆ ಉಂಟು, ಇನ್ನೊಮ್ಮೆ ಬರೆದ್ರಾಯ್ತು. ಆದರೆ ನಿನ್ನೆ ಗೀಟು ತೋರಿಸಿ ಕೇಳಿದೆನಲ್ಲ ನಾನು. ಆಗ ಕೂಡ ಹೇಳಲಿಲ್ವಲ್ಲ ನೀನು."

ಆ ಪ್ರಶ್ನೆಗೆ ನನ್ನಲ್ಲಿ ಯಾವ ಚಿತ್ರವೂ ಇರಲಿಲ್ಲ.

ವನಿತಾಳ ಮದುವೆ ಚಂದದಲ್ಲೇ ಆಯಿತು. ಕುಚ್ಚಿನ ದಾರ ಅವಳಿಗೆ ಇಷ್ಟವಾಯಿತಂತೆ. ಸೋಮವಾರ ಅವಳ ಕಾಗದಗಳು ಎಂದಿನಂತೆ ಬಚ್ಚಲ ಒಲೆಗೆ ಹೋದವು. ನನ್ನ ಕಾಗದ ಹೋಗಲಿಲ್ಲ. ಅಮ್ಮ ಅದನ್ನು ಮನೆಗೆ ತಂದು, ಬಿಡಿಸಿ, ನಾನು ಊಟಕ್ಕೆ ಕೂರುವ ಜಾಗಕ್ಕೆ ಎದುರಾಗಿ ಗೋಡೆಗೆ ಒಂದು ಮೊಳೆ ಹೊಡೆದು ನೇತುಹಾಕಿದಳು. ರಿಸಲ್ಟ್ ಬರುವವರೆಗೆ ಎರಡು ತಿಂಗಳು ನಾನು ಸರಾಸರಿ ವೆಚ್ಚವನ್ನು ನೋಡುತ್ತ ಗಂಜಿ ಉಂಡೆ. ಫ್ಯಾನಿನ ಗಾಳಿಗೆ ಅದು ಅಲುಗಾಡಿದರೆ ತಟ್ಟೆಗೆ ತಲೆ ತಗ್ಗಿಸುತ್ತಿದ್ದೆ.

ರಿಸಲ್ಟಿನ ದಿನ ಉಪ್ಪಳದ ಇಂಟರ್ನೆಟ್ ಅಂಗಡಿಯಿಂದ ಹಾಳೆ ಮುದ್ರಿಸಿಕೊಂಡು ಬಂದೆ. ಈ ಸಲ ಅಮ್ಮ ಹುಬ್ಬು ಎತ್ತಲಿಲ್ಲ, ಕೈ ಚಾಚಿದಳು. ಕನ್ನಡಕ ಹಾಕಿ, ಸಾಲಿನ ಮೇಲೆ ಬೆರಳಿಟ್ಟು, "ಇದಾ ಆ ಪೇಪರು?" ಎಂದು ಕೇಳಿ, ಪಾಸಾದ ಮಾರ್ಕನ್ನು ತಾನೇ ಓದಿದಳು. ಆಮೇಲೆ ಮೊಳೆಯಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು.

"ಹಾಕು ಒಲೆಗೆ. ನಿನ್ನ ಮದುವೆ ಮುಗಿಯಿತು."

ಹಾಕಿದೆ. ಖಾಕಿ ಕಾಗದ ಬೇಗ ಹೊತ್ತಿಕೊಳ್ಳುತ್ತದೆ. ಮಡಿಕೆಯ ಗೆರೆ ಮಾತ್ರ ಬೂದಿಯಲ್ಲೂ ಸ್ವಲ್ಪ ಹೊತ್ತು ಕಂಡಿತು.

ನಾನು ಕಲಿಸುವ ಕೆಲಸಕ್ಕೆ ಸೇರಿದ ದಿನ ಅಮ್ಮ ಈ ಮರದ ಪಟ್ಟಿಯನ್ನು ನನಗೇ ಕೊಟ್ಟಳು. ತನಗೆ ಪ್ಲಾಸ್ಟಿಕಿನದು ಹಗುರ ಎಂದಳು. ಮಕ್ಕಳಿಗೆ ಪಾಠ ಮಾಡುವಾಗ ಹಾಳೆಯನ್ನು ಎರಡಾಗಿ ಮಡಚಲು ಹೇಳುತ್ತೇನೆ, ತಗ್ಗಿನ ಬಿಂದು ಯಾರಿಗೂ ತಪ್ಪುವುದಿಲ್ಲ. ಒಳ್ಳೆಯ ಉಪಾಯ ಸರ್ ಎನ್ನುತ್ತಾರೆ. ಎಲ್ಲಿಂದ ಕಲಿತಿರಿ ಎಂದು ಕೇಳಿದರೆ ಅಮ್ಮನಿಂದ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ.

ಅಮ್ಮ ಕಟ್ಟಿಂಗ್ ಬಿಡಲಿಲ್ಲ. ಮದುಮಗಳ ಮೊಳೆ ಈಗಲೂ ಅಲ್ಲೇ ಇದೆ. ರಜೆಯ ದಿನ ನಾನು ಅಂಗಡಿಯಲ್ಲಿ ಕೂತಿರುವಾಗ ಕೆಲವೊಮ್ಮೆ ಅವಳು ಮೊಳೆಯಿಂದ ಕಾಗದ ತೆಗೆದು ರೇಷ್ಮೆಯ ಮೇಲೆ ಇಡುವುದನ್ನು ನೋಡುತ್ತೇನೆ. ಕತ್ತರಿ ಎತ್ತುವ ಮೊದಲು ಅವಳು ಕುತ್ತಿಗೆಯಿಂದ ಟೇಪು ತೆಗೆದು, ತಾನೇ ಅಳೆದು ಕತ್ತರಿಸಿದ ಕಾಗದವನ್ನು ಇನ್ನೊಮ್ಮೆ ಉದ್ದಕ್ಕೆ, ಅಗಲಕ್ಕೆ ಅಳೆಯುತ್ತಾಳೆ. ಮೊದಲು ಹಾಗೆ ಮಾಡುತ್ತಿರಲಿಲ್ಲ. ಗೀಟು ಸರಿ ಉಂಟಾ ಎಂದು ಟೇಪನ್ನು ಕೇಳುತ್ತಾಳೆ. ಪಕ್ಕದಲ್ಲಿ ಕೂತ ನನ್ನನ್ನು ಕೇಳುವುದಿಲ್ಲ.